ಸಂಪಾದಕರ ಉತ್ತರ: ಶತ್ರು ಹೋದ ಮೇಲೂ ನ್ಯಾಟೊ ಯಾಕೆ?

ವಿರಾಜಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಯುರೋಪಿಗೆ ನ್ಯಾಟೊ, ಅಂದರೆ ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳ ಸೇನಾ ಕೂಟ, ಈಗಲೂ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆ ಕೂಟ ಹುಟ್ಟಿದ್ದೇ ಸೋವಿಯತ್ ಒಕ್ಕೂಟವನ್ನು ತಡೆಯಲು. ಸೋವಿಯತ್ ಒಕ್ಕೂಟ 1991ರಲ್ಲಿ ಹೋಯಿತು. ಕಾವಲಿನ ಕೆಲಸ ಮುಗಿದ ಮೇಲೆ ಪೋಸ್ಟ್ ಖಾಲಿ ಮಾಡಬೇಕಿತ್ತು. ಮಾಡುವ ಬದಲು ಪೂರ್ವಕ್ಕೆ ಸರಿದರು, ಯುಕ್ರೇನ್ ಹೊತ್ತಿಕೊಂಡಿತು. ನಮ್ಮ ದೇಶ ಯಾವ ಕೂಟಕ್ಕೂ ಸೇರದೆ ಐದು ಯುದ್ಧ ಎದುರಿಸಿದೆ. ಕೊಡಗಿನ ಪತ್ರಿಕೆಗೆ ಈ ಉಸಾಬರಿ ಯಾಕೆ?"

ಸುಬೇದಾರರೇ, ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಉಳಿದ ಪ್ರಶ್ನೆಗಳಿಗೂ ದಾರಿ ಅಲ್ಲೇ ಇದೆ.

ದೊಡ್ಡವರ ಜೊತೆ ಸೇನಾ ಒಪ್ಪಂದ ಮಾಡಿಕೊಂಡ ಸಣ್ಣ ನಾಡಿಗೆ ಏನಾಗುತ್ತದೆ ಅನ್ನೋದು ಕೊಡಗಿಗೆ ಚೆನ್ನಾಗಿ ಗೊತ್ತು. ನಿಮ್ಮ ಊರನ್ನೇ ತೆಗೆದುಕೊಳ್ಳಿ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ 1790ರಲ್ಲಿ ತಲಶ್ಶೇರಿಯ ಇಂಗ್ಲಿಷ್ ಕಂಪನಿಯವರ ಜೊತೆ ಒಪ್ಪಂದ ಮಾಡಿಕೊಂಡ. ಟಿಪ್ಪು ಇಬ್ಬರಿಗೂ ಶತ್ರು. ರಾಜ ದಾರಿ ಬಿಡಬೇಕು, ಅಕ್ಕಿ, ದನಕರು ಒದಗಿಸಬೇಕು. ಕಂಪನಿ ಅವನ ಸ್ವಾತಂತ್ರ್ಯ ಕಾಯಬೇಕು, ನಾಡಿನ ಒಳಗಿನ ಆಡಳಿತಕ್ಕೆ ಕೈ ಹಾಕಬಾರದು. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಘಟ್ಟ ಹತ್ತಿ ಬಂದಾಗ ರಾಜ ಅವನನ್ನು ಭೇಟಿ ಮಾಡಿದ, ಆ ಭೇಟಿಯ ನೆನಪಿಗೆ 1792ರಲ್ಲಿ ಕಟ್ಟಿಸಿದ್ದೇ ವಿರಾಜಪೇಟೆ. ನೀವು ವಾಸವಾಗಿರುವ ಊರೇ ಒಂದು ಸೇನಾ ಮೈತ್ರಿಯ ಸ್ಮಾರಕ!

ಆ ಮೈತ್ರಿ ಕೆಲಸ ಮಾಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕಂಪನಿಯವರು ಖುಷಿಯಾಗಿ ರಾಜನ ಕಪ್ಪದ ಹಣ ಬಿಟ್ಟು, ವರ್ಷಕ್ಕೊಂದು ಆನೆ ಕೊಟ್ಟರೆ ಸಾಕು ಅಂದರು. ಶತ್ರು ಹೋದ, ಗೆಳೆತನ ಉಳಿಯಿತು ಅಂತ ಅವತ್ತು ಎಲ್ಲರಿಗೂ ಅನ್ನಿಸಿರಬೇಕು. ಆದರೆ ಅಲ್ಲಿಂದ 35 ವರ್ಷಕ್ಕೆ, 1834ರ ಏಪ್ರಿಲ್‌ನಲ್ಲಿ, ಅದೇ ಕಂಪನಿಯ ಸೈನ್ಯ ಮಡಿಕೇರಿಗೆ ನುಗ್ಗಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿಬಿಟ್ಟಿತು. ಆ ರಾಜನ ಕ್ರೌರ್ಯ ಸುಳ್ಳಲ್ಲ. ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಓಡಿಹೋಗಿ ಕಂಪನಿಯ ಆಶ್ರಯ ಪಡೆದದ್ದೂ ನಿಜ. ಆದರೆ ಜಗಳ ಬಂದಾಗ ಮಧ್ಯೆ ನಿಲ್ಲಲು ಮೂರನೆಯವರು ಯಾರೂ ಇರಲಿಲ್ಲ. ಒಪ್ಪಂದದಲ್ಲಿ ಇದ್ದವರು ಇಬ್ಬರೇ, ಒಬ್ಬರು ಬೆಟ್ಟದಷ್ಟು ದೊಡ್ಡವರು, ಇನ್ನೊಬ್ಬರು ನಾವು.

ಹಾಗಾಗಿ ಶತ್ರು ಹೋದ ಮೇಲೆ ಕೂಟಕ್ಕೆ ಏನು ಅರ್ಥ ಅನ್ನುವ ನಿಮ್ಮ ಪ್ರಶ್ನೆ ಸಣ್ಣದು ಅಂತ ನಾನು ಯಾವತ್ತೂ ಹೇಳೋದಿಲ್ಲ. ನಮ್ಮ ನಾಡು ಅದಕ್ಕೆ ಬೆಲೆ ತೆತ್ತಿದೆ. ನನ್ನ ತಕರಾರು ಇರುವುದು ನೀವು ಆ ಪ್ರಶ್ನೆಯನ್ನು ಯಾರ ಕಡೆಯಿಂದ ಕೇಳುತ್ತಿದ್ದೀರಿ ಅನ್ನುವುದರಲ್ಲಿ. ವಾಷಿಂಗ್ಟನ್ ಕಡೆಯಿಂದ ಕೇಳಿದರೆ ನ್ಯಾಟೊ ಒಂದು ಖರ್ಚಿನ ಬಾಬತ್ತು. ಮಾಸ್ಕೋ ಕಡೆಯಿಂದ ಕೇಳಿದರೆ ಬಾಗಿಲಿಗೆ ಬಂದ ಬೆದರಿಕೆ. ಎಸ್ಟೋನಿಯಾದ ಕಡೆಯಿಂದ ಒಮ್ಮೆ ಕೇಳಿ ನೋಡಿ. ಹದಿಮೂರು ಹದಿನಾಲ್ಕು ಲಕ್ಷ ಜನರ ದೇಶ, ಪಕ್ಕದಲ್ಲಿ ರಷ್ಯಾ, 1940ರಲ್ಲಿ ಒಮ್ಮೆ ನುಂಗಿಸಿಕೊಂಡು ಅರ್ಧ ಶತಮಾನ ಹೊಟ್ಟೆಯೊಳಗೇ ಇದ್ದು ಬಂದವರು.

ನೀವು 'ಪೂರ್ವಕ್ಕೆ ಸರಿದರು' ಅಂತ ಬರೆದಿದ್ದೀರಿ. ಅದು ಅರ್ಧ ಮಾತು ಅಂತ ನನ್ನ ಅಭಿಪ್ರಾಯ. ಸೋವಿಯತ್ ಕಡೆಯ ಕೂಟ ಯಾವುದು? 1955ರ ವಾರ್ಸಾ ಒಪ್ಪಂದ. ಆ ಕೂಟ ಜಂಟಿಯಾಗಿ ನಡೆಸಿದ ದೊಡ್ಡ ಕಾರ್ಯಾಚರಣೆ 1968ರದ್ದು. ಅದೂ ತನ್ನದೇ ಸದಸ್ಯ ದೇಶವಾದ ಚೆಕೊಸ್ಲೊವಾಕಿಯಾದ ಮೇಲೆ. ಹಂಗೇರಿಗೆ 1956ರಲ್ಲೇ ಸೋವಿಯತ್ ಟ್ಯಾಂಕುಗಳು ಬಂದಿದ್ದವು. ಹೀಗೆ ತನ್ನವರ ಮೇಲೇ ಬಂದೂಕು ತಿರುಗಿಸಿದ ಕೂಟ 1991ರಲ್ಲಿ ಕರಗಿದಾಗ ಅಳುವವರು ಯಾರೂ ಇರಲಿಲ್ಲ. ಬಾಗಿಲು ತೆರೆದ ಕೂಡಲೇ ಅದೇ ಜನ ಈ ಕಡೆಯ ಬಾಗಿಲು ತಟ್ಟಿದರು. ಪೋಲೆಂಡ್, ಹಂಗೇರಿ, ಚೆಕ್ 1999ರಲ್ಲಿ ನ್ಯಾಟೊ ಸೇರಿದವು, ಮೂರು ಬಾಲ್ಟಿಕ್ ದೇಶಗಳು 2004ರಲ್ಲಿ. ಅವರನ್ನು ಯಾರೂ ಸೈನ್ಯ ಕಳಿಸಿ ಸೇರಿಸಿಕೊಳ್ಳಲಿಲ್ಲ, ಅಲ್ವಾ?

ಇನ್ನು ಯುಕ್ರೇನ್. ಇಲ್ಲಿ ನಿಮ್ಮ ಕೋಪದಲ್ಲಿ ಒಂದು ಪಾಲು ನನ್ನದೂ ಹೌದು. 2008ರಲ್ಲಿ ಬುಕಾರೆಸ್ಟ್ ಸಭೆಯಲ್ಲಿ ಯುಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಅಂತ ಘೋಷಿಸಿದರು. ಯಾವಾಗ ಅಂತ ಹೇಳಲಿಲ್ಲ, ಅಲ್ಲಿಯವರೆಗೆ ಆ ದೇಶಗಳನ್ನು ಯಾರು ರಕ್ಷಿಸುತ್ತಾರೆ ಅಂತಲೂ ಹೇಳಲಿಲ್ಲ. ರಷ್ಯಾವನ್ನು ಕೆಣಕುವಷ್ಟು ದೊಡ್ಡ ಮಾತು, ಆ ದೇಶಗಳನ್ನು ಕಾಯಲಾರದಷ್ಟು ಸಣ್ಣ ಮಾತು. ಅಂಥ ಅರೆಬರೆ ಮಾತು ಕೊಡುವುದಕ್ಕಿಂತ ಸುಮ್ನೆ ಇರುವುದು ಎಷ್ಟೋ ವಾಸಿ. ಆದರೆ ಸುಬೇದಾರರೇ, ದಾಳಿಗೆ ಒಳಗಾದ ಯುಕ್ರೇನ್ ನ್ಯಾಟೊ ಸದಸ್ಯ ಅಲ್ಲ. ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿ 1994ರಲ್ಲಿ ಅದು ಪಡೆದದ್ದು ಒಂದು ಭರವಸೆಯ ಪತ್ರ. ನಿಮ್ಮ ಗಡಿಗಳನ್ನು ಗೌರವಿಸುತ್ತೇವೆ ಅಂತ ಅದಕ್ಕೆ ಸಹಿ ಹಾಕಿದವರಲ್ಲಿ ರಷ್ಯಾವೂ ಇತ್ತು. 2014ರಲ್ಲಿ ಕ್ರಿಮಿಯಾ ಹೋಯಿತು, 2022ರ ಫೆಬ್ರುವರಿ 24ಕ್ಕೆ ಪೂರ್ತಿ ಯುದ್ಧ. ಅದನ್ನು ಕಣ್ಣಾರೆ ಕಂಡ ಫಿನ್‌ಲ್ಯಾಂಡ್ ಏನು ಮಾಡಿತು? ಶೀತಲ ಸಮರದ ಉದ್ದಕ್ಕೂ ಹೊರಗೇ ಉಳಿದಿದ್ದ ದೇಶ ಅದು. ರಷ್ಯಾ ಜೊತೆ 1,300 ಕಿಲೋಮೀಟರಿಗಿಂತ ಜಾಸ್ತಿ ಗಡಿ ಇದೆ. 2023ರಲ್ಲಿ ಸೇರಿಕೊಂಡಿತು. ಎರಡು ಶತಮಾನ ಯುದ್ಧದಿಂದ ದೂರ ಇದ್ದ ಸ್ವೀಡನ್ 2024ರಲ್ಲಿ ಸೇರಿತು. ಈಗ ಒಟ್ಟು 32 ದೇಶ. ಕೆಲಸ ಮುಗಿದ ಪೋಸ್ಟ್‌ಗೆ ಹೊಸಬರು ಅರ್ಜಿ ಹಾಕಿಕೊಂಡು ಬರುವುದಿಲ್ಲ.

ಒಂದು ವಿಷಯ ಸ್ಪಷ್ಟ ಮಾಡಬೇಕು. ನ್ಯಾಟೊ ಒಪ್ಪಂದದ 5ನೇ ವಿಧಿಯ ಬಗ್ಗೆ ನಮ್ಮಲ್ಲಿ ತುಂಬಾ ತಪ್ಪು ತಿಳಿವಳಿಕೆ ಇದೆ. ಒಬ್ಬರ ಮೇಲೆ ದಾಳಿ ಆದರೆ ಎಲ್ಲರ ಮೇಲೂ ಆದಂತೆ, ಅಲ್ಲಿಯವರೆಗೆ ಸರಿ. ಆಮೇಲೆ ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ಕೈಗೊಳ್ಳುತ್ತದೆ ಅಂತಿದೆ. ಸೈನ್ಯವನ್ನೇ ಕಳಿಸಬೇಕು ಅಂತ ಇಲ್ಲ. 6ನೇ ವಿಧಿ ಅದಕ್ಕೆ ಎಲ್ಲೆಯನ್ನೂ ಹಾಕಿದೆ: ಯುರೋಪು, ಉತ್ತರ ಅಮೆರಿಕ, ಅದರ ಆಸುಪಾಸು. ಇದರ ಲಾಭ ನಮಗೇ ಸಿಕ್ಕಿದೆ ಗೊತ್ತಾ? ಪೋರ್ಚುಗಲ್ 1949ರಲ್ಲಿ ಸಹಿ ಹಾಕಿದ 12 ಸ್ಥಾಪಕ ದೇಶಗಳಲ್ಲಿ ಒಂದು. 1961ರ ಡಿಸೆಂಬರ್‌ನಲ್ಲಿ ನಮ್ಮ ಸೈನ್ಯ ಗೋವಾಕ್ಕೆ ಹೋದಾಗ ಅದರ ಗೆಳೆಯರು ವಿಶ್ವಸಂಸ್ಥೆಯಲ್ಲಿ ಗದ್ದಲ ಮಾಡಿದರು, ಸೋವಿಯತ್ ಒಕ್ಕೂಟ ವಿಟೊ ಹಾಕಿತು, ಅಷ್ಟೇ. ನ್ಯಾಟೊದ ಒಂದು ಹಡಗೂ ಗೋವಾ ಕಡೆ ಬರಲಿಲ್ಲ. ಗೋವಾ ಅವರ ಎಲ್ಲೆಯ ಆಚೆ ಇತ್ತು.

ಆ ಎಲ್ಲೆಯೊಳಗೆ ಇದ್ದಾಗಲೇ ಆ ಕೂಟಕ್ಕೆ ಬೆಲೆ. ದಾಟಿದಾಗೆಲ್ಲ ಮರ್ಯಾದೆ ಕಳೆದುಕೊಂಡಿದೆ. 1999ರಲ್ಲಿ ಯುಗೊಸ್ಲಾವಿಯಾದ ಕೊಸೊವೊ ಪ್ರಾಂತ್ಯದ ವಿಚಾರಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ 78 ದಿನ ಆ ದೇಶದ ಮೇಲೆ ಬಾಂಬ್ ಹಾಕಿದರು. 2011ರಲ್ಲಿ ಲಿಬಿಯಾದ ಜನರನ್ನು ಕಾಪಾಡಲು ಅಂತ ಹೋಗಿ ಆ ದೇಶವನ್ನು ದಿಕ್ಕಿಲ್ಲದಂತೆ ಬಿಟ್ಟು ಬಂದರು. ಆಫ್ಘಾನಿಸ್ತಾನದ ಕಥೆ ನಿಮಗೇ ಗೊತ್ತು, 2021ರಲ್ಲಿ ಅವರು ಹೊರಟಾಗ ಕಾಬೂಲಿನಲ್ಲಿ ಮತ್ತೆ ತಾಲಿಬಾನ್. ಇವುಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಒಂದು ಮಾತು. 5ನೇ ವಿಧಿಯನ್ನು ಇಲ್ಲಿಯವರೆಗೆ ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅದೂ ಅಮೆರಿಕಕ್ಕಾಗಿ. ಡೆನ್ಮಾರ್ಕ್, ಎಸ್ಟೋನಿಯಾದಂಥ ಪುಟ್ಟ ದೇಶಗಳ ಹುಡುಗರು ಹೋಗಿ ಆಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಪ್ರಾಣ ಬಿಟ್ಟರು. ಯಾರು ಯಾರನ್ನು ಕಾದರು ಅಂತ ಲೆಕ್ಕ ಹಾಕುವಾಗ ಅವರನ್ನು ಮರೆಯಬಾರದು.

ನಮ್ಮ ತಿಮ್ಮಯ್ಯನವರ ವಿಷಯ ಹೇಳದೆ ಮುಂದೆ ಹೋಗಲಾರೆ. ಮಡಿಕೇರಿಯಲ್ಲಿರುವ ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ, ಮಕ್ಕಳು ಟ್ಯಾಂಕ್ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಜನರಲ್ ತಿಮ್ಮಯ್ಯ ತೀರಿಕೊಂಡದ್ದು ಎಲ್ಲಿ ಅಂತ ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ. ಸೈಪ್ರಸ್‌ನಲ್ಲಿ, 1965ರ ಡಿಸೆಂಬರ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿದ್ದಾಗ. ಅಲ್ಲಿ ಗ್ರೀಕರು ಮತ್ತು ತುರ್ಕರು ಹೊಡೆದಾಡುತ್ತಿದ್ದರು, ಗ್ರೀಸ್ ಮತ್ತು ತುರ್ಕಿ ಎರಡೂ ನ್ಯಾಟೊ ಸದಸ್ಯ ದೇಶಗಳು. 1964ರಲ್ಲಿ ನ್ಯಾಟೊ ಪಡೆಯನ್ನೇ ಅಲ್ಲಿಗೆ ಕಳಿಸುವ ಯೋಜನೆ ಇತ್ತು. ಸೈಪ್ರಸ್ ಅಧ್ಯಕ್ಷ ಮಕಾರಿಯೋಸ್ ಬೇಡ ಅಂದರು. ಅದಕ್ಕೇ ವಿಶ್ವಸಂಸ್ಥೆಯ ಪಡೆ ಬಂತು, ಅದರ ಮೊದಲ ಇಬ್ಬರು ಕಮಾಂಡರ್‌ಗಳೂ ಭಾರತೀಯರು. ತಿಮ್ಮಯ್ಯ ಎರಡನೆಯವರು. ಯಾವ ಕೂಟಕ್ಕೂ ಸೇರದ ದೇಶದ ಜನರಲ್ ಮಾಡಬಹುದಾದ ಕೆಲಸ ಅದು. ಆ ಹೆಮ್ಮೆ ನಿಮ್ಮಷ್ಟೇ ನನಗೂ ಇದೆ. 1974ರಲ್ಲಿ ತುರ್ಕಿ ಸೈಪ್ರಸ್‌ಗೆ ಸೈನ್ಯ ಇಳಿಸಿದಾಗ ನ್ಯಾಟೊ ತಡೆಯಲಾಗಲಿಲ್ಲ, ಗ್ರೀಸ್ ಸಿಟ್ಟಿನಿಂದ ಕೂಟದ ಸೇನಾ ವ್ಯವಸ್ಥೆಯಿಂದ ಹೊರನಡೆಯಿತು. ಆದರೆ ಆರು ವರ್ಷಕ್ಕೆ ವಾಪಸ್ ಬಂತು. ಈಗಲೂ ಆ ಎರಡು ದೇಶಗಳಿಗೆ ಆಗಿಬರುವುದಿಲ್ಲ, ಆದರೆ ಪೂರ್ಣ ಯುದ್ಧಕ್ಕೆ ಇಳಿದಿಲ್ಲ. ಒಂದೇ ಮೇಜಿನ ಸುತ್ತ ಬೇರೆಯವರೂ ಕೂತಿರುವುದರಿಂದ ಆಗುವ ಉಪಯೋಗ ಇದೇ. 1834ರಲ್ಲಿ ನಮಗೆ ಇಲ್ಲದೇ ಹೋದದ್ದೂ ಇದೇ.

'ನಾವು ಯಾವ ಕೂಟಕ್ಕೂ ಸೇರಲಿಲ್ಲ' ಅನ್ನುವ ಮಾತಿಗೂ ಸ್ವಲ್ಪ ತಿದ್ದುಪಡಿ ಬೇಕು. 1962ರ ನವೆಂಬರ್‌ನಲ್ಲಿ ಚೀನಾ ಸೈನ್ಯ ಕೆಳಗಿಳಿಯುತ್ತಿದ್ದಾಗ ನೆಹರೂ ಸಹಾಯ ಕೇಳಿ ಅಮೆರಿಕ ಅಧ್ಯಕ್ಷ ಕೆನಡಿಗೆ ಪತ್ರ ಬರೆದರು. 1971ರ ಆಗಸ್ಟ್ 9ರಂದು ಇಂದಿರಾ ಗಾಂಧಿ ಸರ್ಕಾರ ಸೋವಿಯತ್ ಒಕ್ಕೂಟದ ಜೊತೆ 20 ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ನಾಲ್ಕು ತಿಂಗಳಿಗೆ ಯುದ್ಧ ಬಂತು, ಅಮೆರಿಕದ ಎಂಟರ್‌ಪ್ರೈಸ್ ಹಡಗು ಬಂಗಾಳ ಕೊಲ್ಲಿಗೆ ಬಂದಾಗ ಆ ಒಪ್ಪಂದ ನಮ್ಮ ಬೆನ್ನಿಗಿತ್ತು. ಪಾಕಿಸ್ತಾನ ಪಶ್ಚಿಮ ದೇಶಗಳ ಬೆಂಬಲದ ಸೀಟೊ, ಸೆಂಟೊ ಅನ್ನುವ ಸೇನಾ ಕೂಟಗಳು ಎರಡರಲ್ಲೂ ಇತ್ತು. 1965ರಲ್ಲಾಗಲಿ 1971ರಲ್ಲಾಗಲಿ ಅವು ಅದರ ಪರವಾಗಿ ಯುದ್ಧಕ್ಕೆ ಬರಲಿಲ್ಲ. ಎರಡೂ 1970ರ ದಶಕ ಮುಗಿಯುವುದರೊಳಗೆ ಮುಚ್ಚಿಹೋದವು. ಅಂದರೆ ಎಲ್ಲ ಕೂಟಗಳೂ ಒಂದೇ ಥರ ಅಲ್ಲ. ಕಾಗದದ ಮೇಲೆ ಇರುವ ಕೂಟ ಬೇರೆ, ದಿನಾ ಒಟ್ಟಿಗೆ ಕವಾಯತು ಮಾಡಿ, ಒಂದೇ ಕಮಾಂಡ್ ಕೆಳಗೆ ಕೆಲಸ ಮಾಡಿ, ಗುಂಡಿನಿಂದ ಹಿಡಿದು ರೇಡಿಯೊವರೆಗೆ ಹೊಂದಿಸಿಕೊಂಡ ಕೂಟ ಬೇರೆ. ನೀವು ಎಸ್‌ಎಲ್‌ಆರ್ ರೈಫಲ್ ಹಿಡಿದವರು. ಅದರ 7.62 ಗುಂಡಿನ ಅಳತೆ ನ್ಯಾಟೊ ದೇಶಗಳು 1950ರ ದಶಕದಲ್ಲಿ ನಿಗದಿ ಮಾಡಿಕೊಂಡದ್ದು. ಇಂಥ ಸಣ್ಣ ಹೊಂದಾಣಿಕೆಗಳನ್ನು ಒಮ್ಮೆ ಕಿತ್ತು ಹಾಕಿದರೆ ಯುದ್ಧ ಬಂದ ದಿನ ಹೊಸದಾಗಿ ಕಟ್ಟಲು ಆಗುವುದಿಲ್ಲ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಈಗ ನನ್ನ ನಿಜವಾದ ಆತಂಕ ಹೇಳುತ್ತೇನೆ, ಅದು ರಷ್ಯಾದ ಬಗ್ಗೆ ಅಲ್ಲ. ನಮ್ಮಲ್ಲಿ ತೋಟಗಳ ಅಂಚಿಗೆ ಆನೆ ಕಂದಕ ತೆಗೆಯುತ್ತಾರಲ್ಲ, ಹತ್ತು ತೋಟದವರು ಸೇರಿ ತೆಗೆದ ಕಂದಕದಲ್ಲಿ ಒಬ್ಬನ ಭಾಗ ಮಣ್ಣು ಕುಸಿದು ಮುಚ್ಚಿದ್ದರೂ ಆನೆ ಅಲ್ಲಿಂದಲೇ ಒಳಗೆ ಬರುತ್ತದೆ, ಆಮೇಲೆ ಹತ್ತೂ ತೋಟ ಅದರದ್ದೇ. ಯುರೋಪಿನ ಶ್ರೀಮಂತ ದೇಶಗಳು ತಮ್ಮ ಭಾಗದ ಕಂದಕ ತೆಗೆಯದೆ ಬಹಳ ವರ್ಷ ಅಮೆರಿಕದ ಬಲದಲ್ಲಿ ಆರಾಮಾಗಿ ಕೂತವು. ದೇಶದ ಉತ್ಪನ್ನದ ಶೇ 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡುತ್ತೇವೆ ಅಂತ 2014ರಲ್ಲಿ ಮಾತು ಕೊಟ್ಟು ಎಷ್ಟೋ ದೇಶಗಳು ವರ್ಷಗಟ್ಟಲೆ ನಡೆಸಿಕೊಡಲಿಲ್ಲ. ಅಮೆರಿಕದವರ ಸಿಟ್ಟಿಗೆ ಅಷ್ಟರ ಮಟ್ಟಿಗೆ ಕಾರಣ ಇದೆ. 2025ರ ಜೂನ್‌ನಲ್ಲಿ ಹೇಗ್ ಸಭೆಯಲ್ಲಿ 2035ರ ಹೊತ್ತಿಗೆ ಶೇ 5 ಅಂತ ಒಪ್ಪಿಕೊಂಡಿದ್ದಾರೆ. ಆದರೆ ಅದೇ 2025ರಲ್ಲಿ ಟ್ರಂಪ್ ಗ್ರೀನ್‌ಲ್ಯಾಂಡ್ ನಮಗೆ ಬೇಕು ಅಂದರು, ಬಲಪ್ರಯೋಗ ಮಾಡುವುದಿಲ್ಲ ಅಂತ ಹೇಳಲೂ ಒಪ್ಪಲಿಲ್ಲ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿಗೆ ಸೇರಿದ್ದು. ಡೆನ್ಮಾರ್ಕ್ ನ್ಯಾಟೊದ ಸ್ಥಾಪಕ ಸದಸ್ಯ. ಕಾಯುತ್ತೇನೆ ಅಂದ ದೊಡ್ಡವನೇ ನಿನ್ನ ನೆಲ ಕೊಡು ಅನ್ನುವುದನ್ನು ಕೇಳಿದಾಗ ಕೊಡಗಿನವರಿಗೆ ಯಾವ ವರ್ಷ ನೆನಪಾಗಬೇಕು ಹೇಳಿ?

ಹೀಗಿದ್ದರೂ ನಾನು ನನ್ನ ಮಾತಿಗೆ ಅಂಟಿಕೊಂಡಿದ್ದೇನೆ. ನ್ಯಾಟೊ ಮುಚ್ಚಿದರೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಹೇಗೋ ನಡೆಸುತ್ತವೆ, ಅವರ ಹತ್ತಿರ ಅಣುಬಾಂಬ್ ಇದೆ. ಲಾಟ್ವಿಯಾ, ಲಿಥುವೇನಿಯಾದವರು ಮಾರನೇ ದಿನವೇ ಒಬ್ಬೊಬ್ಬರಾಗಿ ಯಾರಾದರೂ ದೊಡ್ಡವರ ಬಾಗಿಲಿಗೆ ಹೋಗಿ, 1790ರಲ್ಲಿ ನಮ್ಮ ರಾಜ ಸಹಿ ಹಾಕಿದಂಥ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ. ಅಂಥ ಇಬ್ಬರ ಒಪ್ಪಂದಕ್ಕಿಂತ, ಎಷ್ಟೇ ಜಗಳ ಇದ್ದರೂ, 32 ಮಂದಿ ಕೂತು ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಆಗುವ ಕೂಟ ಸಣ್ಣವರಿಗೆ ಒಳ್ಳೆಯದು. ಅದು ತನ್ನ ಎಲ್ಲೆಯೊಳಗೆ ಇರಲಿ, ಯುರೋಪಿನವರು ತಮ್ಮ ಪಾಲಿನ ಭಾರ ತಾವೇ ಹೊರಲಿ, ಕೊಡಲಾಗದ ಮಾತು ಕೊಡದಿರಲಿ.

ಯುಕ್ರೇನ್ ಯುದ್ಧ ನಿಂತ ಮೇಲೆ ಆ ದೇಶವನ್ನು ಯಾರು, ಹೇಗೆ ಕಾಯಬೇಕು ಅನ್ನುವುದು ನಿಮ್ಮ ಪತ್ರದಲ್ಲಿ ಇಲ್ಲ. ಕೂಟವೂ ಬೇಡ, ಕಾಗದದ ಭರವಸೆಯೂ ನಡೆಯಲಿಲ್ಲ ಅಂದಮೇಲೆ ಉಳಿದ ದಾರಿ ಯಾವುದು? ಗಡಿ ಕಾದವರಾಗಿ ನೀವು ಇದರ ಬಗ್ಗೆ ಬರೆಯಿರಿ, ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬರೆದರೂ ಪರವಾಗಿಲ್ಲ. ಒಂದು ಸಾಲೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

ಸಂಪಾದಕ