ಟಿಟಿಯನ್ನು ಮೋಟರ್‌ಹೋಮ್ ಮಾಡಿಸುವಾಗ ನೆಲಕ್ಕೆ ವುಡನ್ ಫ್ಲೋರಿಂಗ್ ಹಾಕಿಸಬಹುದಾ, ವಿನೈಲ್ ಒಳ್ಳೆಯದಾ?

ಹಳೇ ಟೆಂಪೋ ಟ್ರಾವೆಲರ್ (ಟಿಟಿ) ತಗೊಂಡು, ಸೀಟೆಲ್ಲ ಬಿಚ್ಚಿಸಿ, ಈಗ ನೆಲದ ಹತ್ತಿರ ಬಂದು ನಿಂತಿದ್ದೀರಿ ಅಲ್ವಾ? ನಾನು ಎರಡನ್ನೂ ಹಾಕಿಸಿದ್ದೇನೆ, ಅದೂ ಒಂದೇ ಗಾಡಿಗೆ. ವಿನೈಲ್, ಅಂದರೆ ಪ್ಲಾಸ್ಟಿಕ್ ಹಾಸು, ಹಾಕಿಸಿ ಅನ್ನುತ್ತೇನೆ. ಆದರೆ ಅದಕ್ಕೂ ಮೊದಲು ನೋಡಬೇಕಾದ್ದು ಬೇರೆ ಇದೆ.

ಮೊದಲ ಸಲ ಹಾಕಿಸಿದ್ದು ಮನೆಗೆ ಹಾಕುವ ಲ್ಯಾಮಿನೇಟ್. ನೋಡೋಕೆ ಥೇಟ್ ಸಾಗುವಾನಿ. ಒಳಗಿರುವುದು ಮಾತ್ರ ಒತ್ತಿ ಮಾಡಿದ ಮರದ ಪುಡಿ. ಜುಲೈನಲ್ಲಿ ಆಗುಂಬೆ ಕಡೆ ನಾಲ್ಕು ದಿನ ಸುತ್ತಿದೆವು. ಒದ್ದೆ ಚಪ್ಪಲಿ, ಒದ್ದೆ ಛತ್ರಿ, ಸಿಂಕ್ ಕೆಳಗೆ ತೊಟ್ಟಿಕ್ಕುವ ಪೈಪು. ವಾಪಸ್ ಬರುವಷ್ಟರಲ್ಲಿ ಬಾಗಿಲ ಹತ್ತಿರದ ಹಲಗೆಗಳ ಅಂಚು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು.

ಕಿತ್ತು ನೋಡಿದರೆ ನೀರು ಕೆಳಗಿನಿಂದಲೂ ಬಂದಿತ್ತು. ಸೀಟಿನ ಬೋಲ್ಟ್ ಬಿಚ್ಚಿದ ತೂತುಗಳನ್ನು ನಾವು ಮುಚ್ಚಿಸಿರಲೇ ಇಲ್ಲ. ಚಕ್ರ ಎರಚಿದ ನೀರು ಅಲ್ಲಿಂದ ಹತ್ತಿ ಪ್ಲೈವುಡ್ ಕೆಳಗೆ ನಿಂತುಬಿಟ್ಟಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

ಹಾಗಾಗಿ ಹಳೇ ಮ್ಯಾಟು, ಪ್ಲೈ ಎಲ್ಲ ಕಿತ್ತು ತಗಡು ಕಾಣುವ ಹಾಗೆ ಮಾಡಿ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಪ್ರೈಮರ್ ಹೊಡೆಸಿ. ದೊಡ್ಡ ತೂತಿಗೆ ತಗಡಿನ ತುಂಡು ವೆಲ್ಡ್, ಸಣ್ಣವಕ್ಕೆ ಬೋಲ್ಟ್ ಹಾಕಿ ಸುತ್ತ ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು. ಮೇಲೆ 12 ಎಂಎಂ ಮರೀನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್. ಶೀಟಿನ ಮೇಲೆ ಐಎಸ್ 710 (ಮರೀನ್ ಪ್ಲೈಗಿರುವ ಭಾರತೀಯ ಮಾನದಂಡ) ಅಂತ ಮುದ್ರೆ ಇದೆಯಾ ನೀವೇ ನೋಡಿ, ಅಂಗಡಿಯವರ ಮಾತು ಸಾಲದು. ಕತ್ತರಿಸಿದ ಅಂಚುಗಳಿಗೆ ಎರಡು ಕೋಟ್ ಪೇಂಟ್ ಬಳಿಯಿರಿ, ಪ್ಲೈ ನೀರು ಕುಡಿಯುವುದು ಅಲ್ಲಿಂದಲೇ. ಸ್ಕ್ರೂ ಬಿಗಿಯುವ ಮುಂಚೆ ಗಾಡಿ ಕೆಳಗೆ ಒಮ್ಮೆ ಮಲಗಿ ನೋಡಿ. ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಎಲ್ಲ ಅಲ್ಲೇ ಇರುತ್ತದೆ.

ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಹಲಗೆ ಹಾಕಿಸಿ, ಅದಕ್ಕೆ ನೀರು ತಾಗಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ, ತಾಗಲ್ಲ. ಆದರೆ ಭಾರ. 60 ಚದರಡಿ ನೆಲಕ್ಕೆ 5 ಎಂಎಂನದ್ದು ಹಾಕಿಸಿದರೆ ಹತ್ತಿರ ಹತ್ತಿರ 55 ಕೆಜಿ. 2 ಎಂಎಂ ವಿನೈಲ್ ಶೀಟ್ 15–18 ಕೆಜಿಯಲ್ಲಿ ಮುಗಿಯುತ್ತದೆ. ಇನ್ನೊಂದು ತಾಪತ್ರಯ, ಈ ಹಲಗೆಗಳನ್ನು ಅಂಟಿಸದೆ ಸುಮ್ನೆ ಒಂದಕ್ಕೊಂದು ಕ್ಲಿಕ್ ಮಾಡಿ ಕೂರಿಸುತ್ತಾರೆ. ಬಿಸಿಲಿಗೆ ನಿಂತ ಗಾಡಿಯಲ್ಲಿ ಅವು ಹಿಗ್ಗುತ್ತವೆ. ಮೇಲೆ ಕ್ಯಾಬಿನೆಟ್ ಇಟ್ಟು ಬೋಲ್ಟ್ ಹಾಕಿದಿರೋ, ಹಿಗ್ಗಲು ಜಾಗ ಸಿಗದೆ ನಡುವೆ ಎದ್ದು ನಿಲ್ಲುತ್ತವೆ. ಹಾಕಿಸಲೇಬೇಕು ಅಂದರೆ ಕ್ಯಾಬಿನೆಟ್‌ಗಳನ್ನು ಮೊದಲು ಪ್ಲೈಗೆ ಬಿಗಿಸಿ, ಹಲಗೆಯನ್ನು ಅದರ ಬುಡದಿಂದ ಸ್ವಲ್ಪ ದೂರಕ್ಕೇ ನಿಲ್ಲಿಸಿ ಬೀಡಿಂಗ್ ಹೊಡೆಸಿ.

ನಾವು ಎರಡನೇ ಸಲ ಜೋಡಣೆಯೇ ಇಲ್ಲದ ಒಂದೇ ವಿನೈಲ್ ಶೀಟ್ ಹಾಸಿ ಪೂರ್ತಿ ಅಂಟಿಸಿದೆವು. ಅಂಚನ್ನು ಗೋಡೆ ಮೇಲೆ ಎರಡಿಂಚು ಹತ್ತಿಸಿದ್ದೇವೆ. ನೀರು ಚೆಲ್ಲಿದರೂ ಬಟ್ಟೆ ತರುವಷ್ಟು ಟೈಮ್ ಇರುತ್ತದೆ. ಹೊಳೆಯುವ ಶೀಟ್ ಬೇಡ, ಒದ್ದೆ ಕಾಲಿಗೆ ಜಾರುತ್ತದೆ. ತೀರಾ ಕಪ್ಪು ಬಣ್ಣವೂ ಬೇಡ, ಕೆಮ್ಮಣ್ಣಿನ ಹೆಜ್ಜೆ ಒಂದೊಂದೂ ಎದ್ದು ಕಾಣುತ್ತದೆ.

ಕತ್ತರಿಸುವ ಹಿಂದಿನ ದಿನ ಹಳೇ ಪೇಪರ್‌ಗಳನ್ನು ಟೇಪ್ ಹಚ್ಚಿ ಜೋಡಿಸಿ, ವೀಲ್ ಆರ್ಚ್ (ಚಕ್ರದ ಮೇಲೆ ಒಳಗೆ ಉಬ್ಬಿರುವ ಭಾಗ) ಸುತ್ತಳತೆ ಸಮೇತ ನೆಲದ ನಕಲು ಮಾಡಿಕೊಳ್ಳಿ. ಶೀಟನ್ನು ಒಂದು ಗಂಟೆ ಬಿಸಿಲಲ್ಲಿ ಹರಡಿದರೆ ಸುರುಳಿ ಬಿಡುತ್ತದೆ. ಆಮೇಲೆ ನಕಲನ್ನು ಶೀಟಿನ ಮೇಲ್ಭಾಗಕ್ಕೇ ಇಟ್ಟು ಗೆರೆ ಹಾಕಿ. ನಾನು ಮೊದಲು ಹಿಂಭಾಗಕ್ಕೆ ಇಟ್ಟು ಗೆರೆ ಎಳೆದಿದ್ದೆ. ಬಾಗಿಲು ಡ್ರೈವರ್ ಕಡೆಗೆ ಹೋಗಿತ್ತು.