ರಕ್ಷಣೆಗೆ ನಂಬಿಕೆ ಸಾಕಾ, ಒಳ್ಳೆ ಕೆಲಸವೂ ಬೇಕಾ?

ನೀವು ಕೇಳಿರುವುದು ಇಷ್ಟು: ಆಫೀಸಿನಲ್ಲಿ ಇಬ್ಬರು ಕ್ರೈಸ್ತ ಗೆಳೆಯರಿದ್ದಾರೆ. ಪ್ರೊಟೆಸ್ಟೆಂಟರ ಒಂದು ಶಾಖೆಯಾದ ಪೆಂಟೆಕೋಸ್ಟ್ ಸಭೆಗೆ ಹೋಗುವವರು ‘ನಂಬಿಕೆ ಒಂದಿದ್ದರೆ ರಕ್ಷಣೆ (ಪಾಪದಿಂದ ಬಿಡುಗಡೆ) ಸಿಗುತ್ತದೆ’ ಅನ್ನುತ್ತಾರೆ. ಕಥೋಲಿಕರು ‘ಒಳ್ಳೆ ಕೆಲಸವೂ ಬೇಕು’ ಅನ್ನುತ್ತಾರೆ. ಇಬ್ಬರೂ ಬೈಬಲ್ಲನ್ನೇ ತೆಗೆದು ತೋರಿಸುತ್ತಾರೆ. ಯಾರು ಸರಿ? ಮೋಶೆಯ ಧರ್ಮಶಾಸ್ತ್ರವನ್ನು (ಹಳೆ ಒಡಂಬಡಿಕೆಯ ನಿಯಮಗಳನ್ನು) ಕ್ರೈಸ್ತರು ಯಾಕೆ ಪಾಲಿಸುವುದಿಲ್ಲ? ಕ್ರೈಸ್ತರಲ್ಲದ ಒಳ್ಳೆಯವರ ಗತಿ ಏನು?

ನಾನು ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯ ಮನೆಯವನು, ಹೆಂಡತಿ ಕಥೋಲಿಕ ಮನೆಯವಳು. ಹಾಗಾಗಿ ಈ ವಾದವನ್ನು ಎರಡೂ ಕಡೆಯಿಂದ ಕೇಳಿ ಅಭ್ಯಾಸವಾಗಿದೆ. ಮೊದಲೇ ಹೇಳಿಬಿಡುತ್ತೇನೆ: ‘ಪ್ರೊಟೆಸ್ಟೆಂಟರದು ನಂಬಿಕೆ, ಕಥೋಲಿಕರದು ಕ್ರಿಯೆ’ ಎಂಬ ಹಂಚಿಕೆ ತಪ್ಪು. ಎರಡೂ ಕಡೆಯ ಪುಸ್ತಕ ತೆಗೆದು ನೋಡಿದರೆ ಅದು ನಿಲ್ಲುವುದಿಲ್ಲ.

ಈ ಜಗಳದ ಮೂಲ ಸ್ವರ್ಗದ ವಿಚಾರದಲ್ಲಿಲ್ಲ, ಊಟದಲ್ಲಿದೆ. ಮೊದಲನೇ ಶತಮಾನದ ಅಂತಿಯೋಕ್ಯದಲ್ಲಿ ಯೆಹೂದ್ಯರೂ ಯೆಹೂದ್ಯರಲ್ಲದವರೂ ಯೇಸುವನ್ನು ನಂಬಿ ಒಟ್ಟಿಗೆ ಊಟ ಮಾಡುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರ ಜೊತೆ ಕೂರುತ್ತಿದ್ದ. ಜೆರುಸಲೇಮಿನಿಂದ ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯ ಕೆಲವರು ಬಂದರು ನೋಡಿ, ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಎದ್ದ. ಪಂಕ್ತಿಭೇದ ಕಂಡವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಯೆಹೂದ್ಯರಲ್ಲದವರಿಗೆ ಸುವಾರ್ತೆ ಸಾರುತ್ತಿದ್ದ ಪೌಲ ಎಲ್ಲರ ಎದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಅವನೇ ಇದನ್ನು ಹೇಳುತ್ತಾನೆ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ಕ್ರಿಸ್ತನಲ್ಲಿಡುವ ನಂಬಿಕೆಯಿಂದ ಎಂಬ ಪ್ರಸಿದ್ಧ ಮಾತು ಬರುವುದು ಈ ಬೈಗುಳದ ಬೆನ್ನಿಗೇ.

ಅಂದರೆ ಅಲ್ಲಿನ ಪ್ರಶ್ನೆ, ಯೆಹೂದ್ಯನಲ್ಲದವನು ಸುನ್ನತಿ ಮಾಡಿಸಿಕೊಂಡು, ಊಟದ ಕಟ್ಟಳೆ ಪಾಲಿಸಿದರೆ ಮಾತ್ರ ದೇವಜನರ ಸಾಲಿಗೆ ಸೇರುತ್ತಾನಾ? ಪೌಲನ ಉತ್ತರ ಖಡಾಖಂಡಿತ ಇಲ್ಲ. ಸುನ್ನತಿಗೆ ಒತ್ತಾಯಿಸುವವರು ತಮ್ಮದನ್ನು ಪೂರ್ತಿಯೇ ಕತ್ತರಿಸಿಕೊಳ್ಳಲಿ ಅಂತ 5ನೇ ಅಧ್ಯಾಯದಲ್ಲಿ ಬರೆದಿದ್ದಾನೆ. (ಈ ವಚನದ ಮೇಲೆ ಪ್ರಸಂಗ ಮಾಡಿದ ಪಾದ್ರಿಯನ್ನು ನಾನಂತೂ ನೋಡಿಲ್ಲ.) ಇದೇ ಪ್ರಶ್ನೆಗೆ ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಹಿರಿಯರ ಸಭೆಯೂ ಸೇರಿತು. ಸುನ್ನತಿ ಬೇಡ, ಆದರೆ ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ ಇವುಗಳಿಂದ ದೂರ ಇರಿ ಅಂತ ತೀರ್ಮಾನವಾಯಿತು. ‘ನಾವು ಎಲ್ಲವನ್ನೂ ಅಕ್ಷರಶಃ ಪಾಲಿಸುತ್ತೇವೆ’ ಅನ್ನುವವರಲ್ಲಿ ಎಷ್ಟು ಜನ ಇಂದು ರಕ್ತದ ವಿಷಯ ನೆನಪಿಟ್ಟಿದ್ದಾರೋ ಗೊತ್ತಿಲ್ಲ.

ಇನ್ನು ನಿಮ್ಮ ಕಥೋಲಿಕ ಗೆಳೆಯರು ತೋರಿಸಿದ್ದು ಬಹುಶಃ ಯಾಕೋಬನ ಪತ್ರದ 2ನೇ ಅಧ್ಯಾಯ. ಮನುಷ್ಯ ನೀತಿವಂತನೆನಿಸಿಕೊಳ್ಳುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ ಅಂತ ಅಲ್ಲಿ ನೇರವಾಗಿಯೇ ಇದೆ. ಮಜಾ ಏನೆಂದರೆ ಪೌಲ, ಯಾಕೋಬ ಇಬ್ಬರೂ ಸಾಕ್ಷಿಗೆ ಕರೆಯುವುದು ಯೆಹೂದ್ಯರ ಮೂಲಪುರುಷ ಅಬ್ರಹಾಮನನ್ನೇ. ಪೌಲ ಹಿಡಿಯುವುದು ಆದಿಕಾಂಡದ 15ನೇ ಅಧ್ಯಾಯ: ಅಬ್ರಹಾಮ ನಂಬಿದ, ದೇವರು ಅದನ್ನೇ ನೀತಿಯೆಂದು ಎಣಿಸಿದ. ಸುನ್ನತಿಯ ಮಾತು ಬರುವುದು 17ನೇ ಅಧ್ಯಾಯದಲ್ಲಿ, ಅಂದರೆ ಆಮೇಲೆ. ಯಾಕೋಬ ಅದೇ ವಚನ ಹೇಳಿ, ನೇರ 22ನೇ ಅಧ್ಯಾಯಕ್ಕೆ ಹೋಗುತ್ತಾನೆ: ಮಗ ಇಸಾಕನನ್ನೇ ಬಲಿಪೀಠದ ಮೇಲೆ ಇಟ್ಟನಲ್ಲ, ಆ ನಂಬಿಕೆ ಪೂರ್ತಿಯಾದದ್ದು ಅಲ್ಲಿ.

ಇಬ್ಬರ ಎದುರು ನಿಂತವರು ಬೇರೆ ಬೇರೆ. ಪೌಲನ ಎದುರು ಸುನ್ನತಿ ಕಡ್ಡಾಯ ಅನ್ನುವವರಿದ್ದರು. ಯಾಕೋಬನ ಎದುರಿಗಿದ್ದವರು, ಬಟ್ಟೆಯಿಲ್ಲದೆ ಹಸಿದು ಬಂದ ಸಹೋದರನಿಗೆ ‘ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬಾ ಊಟ ಮಾಡು’ ಅಂತ ಹಾರೈಸಿ, ಕೈಗೆ ಏನೂ ಕೊಡದೆ ಕಳಿಸುವವರು. ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ ಅವನು ಚುಚ್ಚುತ್ತಾನೆ. ಹಾಗಂತ ಇಬ್ಬರ ಮಾತೂ ಪೂರ್ತಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಪೌಲನ ಮಾತನ್ನು ಅರ್ಧಂಬರ್ಧ ಕೇಳಿಸಿಕೊಂಡವರಿಗೆ ಯಾಕೋಬ ಕೊಟ್ಟ ಉತ್ತರದ ಹಾಗೆ ಅವನ ಪತ್ರ ಓದಿಸಿಕೊಳ್ಳುತ್ತದೆ.

ಮುಂದೆ ಹದಿನೈದು ಶತಮಾನ ದಾಟಿ, ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರನ ಹತ್ತಿರ ಬನ್ನಿ. ಅವನಿಗೆ ಸುನ್ನತಿಯ ತಲೆನೋವು ಇರಲಿಲ್ಲ. ಎಷ್ಟು ಪಾಪನಿವೇದನೆ ಮಾಡಿದರೂ ಮನಸ್ಸಿಗೆ ಸಮಾಧಾನ ಸಿಗದ ಸನ್ಯಾಸಿ ಅವನು. ಹೊರಗೆ ನೋಡಿದರೆ ಪಾಪದ ಶಿಕ್ಷೆಯಿಂದ ವಿನಾಯಿತಿ ಕೊಡುವ ಪತ್ರಗಳು ದುಡ್ಡಿಗೆ ಸಿಗುತ್ತಿದ್ದವು. ಆ ಹಣದಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರರ ಮಹಾದೇವಾಲಯಕ್ಕೆ, ಇನ್ನೊಂದು ಪಾಲು ಮೈನ್ಸಿನ ಆರ್ಚ್‌ಬಿಷಪ್ ಮಾಡಿದ್ದ ಸಾಲಕ್ಕೆ. 1517ರಲ್ಲಿ ಲೂಥರ್ ಇದರ ವಿರುದ್ಧ 95 ವಾದಗಳನ್ನು ಬರೆದ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಯಾಕೋಬನ ಪತ್ರವನ್ನು ‘ಹುಲ್ಲಿನ ಪತ್ರ’ ಅಂತ ಮುನ್ನುಡಿಯಲ್ಲಿ ಹಳಿದು, ಕೊನೆಯ ಕಡೆಗೆ ತಳ್ಳಿದ.

ಅಷ್ಟಾದರೂ ‘ಒಳ್ಳೆ ಕೆಲಸ ಬೇಡ’ ಅಂತ ಅವನು ಹೇಳಲಿಲ್ಲ. ನಿಜವಾದ ನಂಬಿಕೆ ಇದ್ದಲ್ಲಿ ಒಳ್ಳೆ ಕೆಲಸ ಬಂದೇ ಬರುತ್ತದೆ ಅನ್ನುವುದೇ ಅವನ ವಾದ. ಶಿಷ್ಯರು ಮಾತ್ರ ಎರಡೂ ತುದಿಗೆ ಓಡಿದರು. ಗಿಯೋರ್ಗ್ ಮಾಯೋರ್ ಎಂಬವನು ‘ರಕ್ಷಣೆಗೆ ಒಳ್ಳೆ ಕೆಲಸ ಅವಶ್ಯ’ ಅಂದ. ಸಿಟ್ಟಿಗೆದ್ದ ಆಮ್ಸ್‌ಡಾರ್ಫ್ ‘ರಕ್ಷಣೆಗೆ ಒಳ್ಳೆ ಕೆಲಸ ಹಾನಿಕರ’ ಅಂತಲೇ ಬರೆದುಬಿಟ್ಟ! 1577ರಲ್ಲಿ ಲೂಥರನ್ನರೇ ಕೂತು ಎರಡನ್ನೂ ತಳ್ಳಿಹಾಕಬೇಕಾಯಿತು.

ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಉತ್ತರ ಕೊಟ್ಟಿತು. ನಂಬಿಕೆಯೊಂದೇ ಸಾಕು, ಬೇರೇನೂ ಬೇಡ ಅನ್ನುವವರಿಗೆ ಬಹಿಷ್ಕಾರ ಎಂದಿತು ನಿಜ. ಆದರೆ ಅದೇ ಪಟ್ಟಿಯ ಮೊದಲನೇ ಕಟ್ಟಳೆ ಏನು ಗೊತ್ತಾ? ದೇವರ ಕೃಪೆ ಇಲ್ಲದೆ ಸ್ವಂತ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಅನ್ನುವವನಿಗೂ ಬಹಿಷ್ಕಾರ. ಪುಣ್ಯ ಕೂಡಿಹಾಕಿ ಸ್ವರ್ಗ ಕೊಳ್ಳುವುದು ಕಥೋಲಿಕ ಬೋಧನೆ ಅಲ್ಲವೇ ಅಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಪ್ರೊಟೆಸ್ಟೆಂಟರ ಪ್ರಕಾರ ದೇವರು ನಂಬಿದವನನ್ನು ಪಾಪಿಯಾಗಿರುವಾಗಲೇ, ಕ್ರಿಸ್ತನ ಸಲುವಾಗಿ ನೀತಿವಂತನೆಂದು ತೀರ್ಪು ಕೊಡುತ್ತಾನೆ. ಆ ತೀರ್ಪು ಪೂರ್ಣ, ಅದಕ್ಕೆ ನಮ್ಮ ಕ್ರಿಯೆ ಸೇರಿಸಬೇಕಾಗಿಲ್ಲ. ಕಥೋಲಿಕರ ಪ್ರಕಾರ ಕೃಪೆ ಒಳಗೆ ಇಳಿದು ಮನುಷ್ಯನನ್ನು ನಿಜವಾಗಿಯೇ ಬದಲಾಯಿಸುತ್ತದೆ. ಅದು ಬೆಳೆಯಬಹುದು, ಘೋರ ಪಾಪದಿಂದ ಕಳೆದುಹೋಗಲೂಬಹುದು, ಸತ್ತ ಮೇಲೂ ಶುದ್ಧಿ ಬಾಕಿ ಇರಬಹುದು.

ನಮ್ಮ ಮಾವ ತೀರಿಕೊಂಡಾಗ ಇದು ನನಗೆ ಕಣ್ಣಾರೆ ಕಂಡಿತು. ಏಳನೇ ದಿನ ಚರ್ಚಿನಲ್ಲಿ ಅವರ ಆತ್ಮಕ್ಕಾಗಿ ಪೂಜೆ ಇತ್ತು. ನನ್ನ ದೊಡ್ಡಮ್ಮ ಹಿಂದಿನ ಬೆಂಚಿನಲ್ಲಿ ಕೂತು ಕಿವಿಯಲ್ಲಿ ಕೇಳಿದರು: “ಅವರು ಕರ್ತನ ಹತ್ತಿರ ಹೋಗಿ ಆಯ್ತಲ್ಲ ಮಾರಾಯ, ಇನ್ನು ಪ್ರಾರ್ಥನೆ ಯಾಕೆ?” ಹೊರಗೆ ಬಂದ ಮೇಲೆ ನಮ್ಮತ್ತೆ ನನ್ನ ಹೆಂಡತಿಗೆ ಹೇಳಿದ್ದು: “ಪಾಪ, ಅವರಲ್ಲಿ ಸತ್ತವರಿಗೆ ಪ್ರಾರ್ಥನೆಯೇ ಇಲ್ಲವಂತೆ.” ಇಬ್ಬರದ್ದೂ ಕನಿಕರವೇ. ಆದರೆ ಇಡೀ ಟ್ರೆಂಟ್ ಸಭೆ ಆ ಎರಡು ಮಾತಿನ ನಡುವೆ ಇದೆ. 1834ರಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಮಂಗಳೂರಿಗೆ ಬರುವ ಹೊತ್ತಿಗೆ ಕರಾವಳಿಯಲ್ಲಿ ಕಥೋಲಿಕರು ಹಳಬರಾಗಿದ್ದರು. ಅಂದಿನಿಂದ ಈ ಎರಡೂ ಅಕ್ಕಪಕ್ಕದಲ್ಲೇ ಇವೆ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಒಕ್ಕೂಟವೂ ವ್ಯಾಟಿಕನ್ನೂ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆಮೇಲೆ ಒಳ್ಳೆ ಕೆಲಸಕ್ಕೆ ಕರೆಯುತ್ತಾನೆ ಅನ್ನುವುದು ಅದರ ಸಾರ. 2006ರಲ್ಲಿ ಮೆಥೊಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಥದವರೂ ಸೇರಿದರು. ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಧ್ಯಾಪಕರು ಮಾತ್ರ ಇದನ್ನು ವಿರೋಧಿಸಿದ್ದರು. 2000ದ ಜೂಬಿಲಿ ವರ್ಷಕ್ಕೆ ಪೋಪ್ ಮತ್ತೆ ಪಾಪದಂಡನೆಯ ವಿನಾಯಿತಿ ಸಾರಿದರು, ಈ ಸಲ ದುಡ್ಡಿಲ್ಲದೆ. ಲೂಥರ್ ಇದ್ದಿದ್ದರೆ ಹುಬ್ಬೇರಿಸುತ್ತಿದ್ದ.

ಧರ್ಮಶಾಸ್ತ್ರದ ವಿಷಯ ಬೇಗ ಮುಗಿಸುತ್ತೇನೆ. ಹೆಚ್ಚಿನ ಸಭೆಗಳು ಅದನ್ನು ಮೂರು ಪಾಲು ಮಾಡುತ್ತವೆ: ಬಲಿ, ಊಟ, ಶುದ್ಧಿಯ ಆಚಾರಗಳು ಕ್ರಿಸ್ತನಿಂದ ಮುಗಿದವು, ಇಸ್ರಾಯೇಲಿನ ರಾಜ್ಯದ ಕಾನೂನು ಆ ರಾಜ್ಯದೊಂದಿಗೆ ಹೋಯಿತು, ಹತ್ತು ಆಜ್ಞೆಗಳಂಥ ನೀತಿಯ ಭಾಗ ಉಳಿಯಿತು. ನನಗೆ ಈ ವಿಂಗಡಣೆ ಸ್ವಲ್ಪ ಅನುಕೂಲಸಿಂಧು ಅನಿಸುತ್ತದೆ, ಏಕೆಂದರೆ ಬೈಬಲ್ಲಿನಲ್ಲಿ ಹೀಗೆ ಗೆರೆ ಎಳೆದಿಲ್ಲ. ಸಬ್ಬತ್ (ವಾರದ ಏಳನೇ ದಿನ, ಶನಿವಾರದ ವಿಶ್ರಾಂತಿ) ಬಂದಾಗ ಸಿಕ್ಕಿಬೀಳುವುದೂ ಇಲ್ಲೇ. ಹತ್ತು ಆಜ್ಞೆ ಉಳಿದಿದ್ದರೆ ನಾಲ್ಕನೆಯದಾದ ಸಬ್ಬತ್ತೂ ಉಳಿಯಬೇಕಲ್ಲ ಅಂತ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು ಶನಿವಾರವೇ ಆರಾಧನೆ ಮಾಡುತ್ತಾರೆ, ಹಂದಿ ತಿನ್ನುವುದಿಲ್ಲ. ಅವರನ್ನು ಕೇಳಿದರೂ ರಕ್ಷಣೆ ಕೃಪೆಯಿಂದಲೇ, ಪಾಲನೆ ಅದರ ಫಲ ಅನ್ನುತ್ತಾರೆ. ಒಂದು ಮಾತು: ಯೆಹೂದ್ಯರು ನಿಯಮ ಪಾಲಿಸಿ ರಕ್ಷಣೆ ಗಳಿಸಲು ಹೊರಟಿದ್ದರು ಎಂಬ ಚಿತ್ರವನ್ನು 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸರು ಬಲವಾಗಿ ಪ್ರಶ್ನಿಸಿದರು. ಅವರ ಪ್ರಕಾರ ಯೆಹೂದ್ಯರಿಗೂ ಮೊದಲು ಬರುವುದು ದೇವರ ಆಯ್ಕೆ, ಪಾಲನೆ ಆಮೇಲೆ. ಆದರೂ ಆ ಹಳೇ ಚಿತ್ರ ನಮ್ಮ ಪ್ರಸಂಗಗಳಲ್ಲಿ ಇನ್ನೂ ಓಡಾಡುತ್ತಿದೆ.

ಕ್ರೈಸ್ತರಲ್ಲದ ಒಳ್ಳೆಯವರ ವಿಷಯದಲ್ಲಿ ನಿಮ್ಮ ಗೆಳೆಯರು ನಿಜಕ್ಕೂ ದೂರ ಇದ್ದಾರೆ. ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದವರು ದೇವರನ್ನು ಪ್ರಾಮಾಣಿಕವಾಗಿ ಹುಡುಕಿ, ಮನಸ್ಸಾಕ್ಷಿಯಂತೆ ನಡೆದರೆ ರಕ್ಷಣೆ ಹೊಂದಬಲ್ಲರು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದೆ. ಹೆಚ್ಚಿನ ಪೆಂಟೆಕೋಸ್ಟ್ ಸಭೆಗಳು ಇದನ್ನು ಒಪ್ಪುವುದಿಲ್ಲ. ಅವರು ಮನೆಮನೆಗೆ ಕರಪತ್ರ ಹಂಚುವುದಕ್ಕೆ ಇದೂ ಒಂದು ಕಾರಣ.