ಕಾರ್ಬೋರೇಟರ್ ಎರಡು ಸಲ ಕ್ಲೀನ್ ಆಯ್ತು, ಈಗ ಟ್ಯಾಂಕ್ ಬಿಚ್ಚಬೇಕಂತೆ, ಎರಡು ದಿನ ಬೇಕಂತೆ. ಶೋರೂಮ್ ಬಿಟ್ಟು ಹೊರಗಿನ ಮೆಕ್ಯಾನಿಕ್ಕನ್ನು ನಂಬಬಹುದಾ?

ನಂಬಿ. ತೀರ್ಥಹಳ್ಳಿ–ಶಿವಮೊಗ್ಗ ಓಡಾಡೋ ಬೈಕು, ಮಳೆ ಹಿಡಿದ ಮೇಲೆ ಮಿಸ್ಸಿಂಗ್ (ಇಂಜಿನ್ ತಡವರಿಸೋದು), ಕ್ಲೀನ್ ಮಾಡಿಸಿದರೆ ಎರಡು ದಿನ ಸರಿ, ಆಮೇಲೆ ಮತ್ತೆ ಅದೇ ಹಾಡು ಅಂತ ಬರೆದಿದ್ದೀರಲ್ಲ, ನನ್ನ ಬೈಕಿಗೂ ಇದೇ ಕಾಯಿಲೆ ಇತ್ತು. ವಾಸಿ ಮಾಡಿದ್ದು ಬೋರ್ಡೂ ಇಲ್ಲದ ಒಂದು ಸಣ್ಣ ಗ್ಯಾರೇಜಿನವರು. ಅಷ್ಟರಲ್ಲಿ ಬೇರೊಂದು ಕಡೆ ಹೊಸ ಕಾರ್ಬೋರೇಟರಿಗೇ ದುಡ್ಡು ಸುರಿದಾಗಿತ್ತು.

ಆ ದುಡ್ಡು ಯಾಕೆ ದಂಡವಾಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಬೈಕಿನಲ್ಲೂ ಅದೇ ತಪ್ಪು ಲೆಕ್ಕ ನಡೀತಿದೆ. ಪೆಟ್ರೋಲಿಗಿಂತ ನೀರು ಭಾರ. ಟ್ಯಾಂಕಿಗೆ ಇಳಿದ ನೀರು ತಳ ಹಿಡಿಯುತ್ತೆ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಪೈಪಿನಲ್ಲಿ ಬಂದು, ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬೋರೇಟರಿನ ಫ್ಲೋಟ್ ಬೌಲಿನ (ಪೆಟ್ರೋಲ್ ನಿಲ್ಲೋ ಬಟ್ಟಲು) ತಳದಲ್ಲಿ ಕೂರುತ್ತೆ. ಜೆಟ್ಟುಗಳು, ಅಂದರೆ ಪೆಟ್ರೋಲ್ ಹಾದುಹೋಗೋ ಸಣ್ಣ ತೂತಿನ ತುಂಡುಗಳು, ಎಳೆಯೋದೂ ಆ ತಳದಿಂದಲೇ. ಏರಿನಲ್ಲಿ ಆಕ್ಸಲರೇಟರ್ ಕೊಟ್ಟಾಗ ಮೇನ್ ಜೆಟ್ಟು ಪೆಟ್ರೋಲಿನ ಬದಲು ನೀರು ಎಳೆದು ಗಾಡಿ ಮುಗ್ಗರಿಸುತ್ತೆ. ಕ್ಲೀನ್ ಮಾಡೋಕೆ ಬೌಲ್ ಬಿಚ್ಚಿದ ಕೂಡಲೇ ಆ ನೀರು ಹೊರಗೆ ಹೋಯ್ತು. ಗಾಡಿ ಸರಿಯಾಗಿದ್ದು ಅದರಿಂದ, ಜೆಟ್ಟು ತೊಳೆದಿದ್ದರಿಂದಲ್ಲ. ಆದರೆ ನೋಡಿದವರಿಗೆ ‘ಕಾರ್ಬೋರೇಟರ್ ಮುಟ್ಟಿದ್ದಕ್ಕೆ ಸರಿಹೋಯ್ತು’ ಅಂತಲೇ ಕಾಣುತ್ತೆ. ಟ್ಯಾಂಕಿನ ನೀರು ಮತ್ತೆ ಇಳಿದು ಮಿಸ್ಸಿಂಗ್ ಶುರುವಾದಾಗ ಹೊಸ ಜೆಟ್ಟುಗಳ ಕಿಟ್ ಹಾಕ್ತಾರೆ, ಮತ್ತೆ ಬೌಲ್ ಖಾಲಿಯಾಗುತ್ತೆ, ಮತ್ತೆ ಎರಡು ದಿನ ಸರಿ. ಕೊನೆಗೆ ಕಾರ್ಬೋರೇಟರೇ ಹೋಗಿದೆ ಅಂತ ತೀರ್ಮಾನ. ಅದು ಮಾತ್ರ ಮೊದಲಿನಿಂದ ಕೊನೆಯವರೆಗೂ ಚೆನ್ನಾಗೇ ಇರುತ್ತೆ!

ನನ್ನ ಬೈಕು ವಾಸಿ ಮಾಡಿದ ಆ ಸಣ್ಣ ಗ್ಯಾರೇಜಿನವರು ಸ್ಪ್ಯಾನರ್ ಹಿಡಿಯೋ ಮೊದಲು ಕೇಳಿದ ಪ್ರಶ್ನೆ ಒಂದೇ: ‘ರಿಸರ್ವಿಗೆ ತಿರುಗಿಸಿದಾಗ ಜಾಸ್ತಿ ಆಗುತ್ತಾ?’ ರಿಸರ್ವ್ ಎಳೆಯೋದು ಟ್ಯಾಂಕಿನ ತಳದಿಂದ. ಮಾಮೂಲಿಯಾಗಿ ಓಡಿಸೋ ಮೇನಿನ ಕೊಳವೆ ತಳದಿಂದ ಸ್ವಲ್ಪ ಎತ್ತರದಲ್ಲಿ ನಿಂತಿರುತ್ತೆ. ನಾನು ಹೌದು ಅಂದಮೇಲೆ ಬೌಲಿನ ಡ್ರೈನ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಪಾರದರ್ಶಕ ಬಾಟಲಿಗೆ ಸುಮಾರು 50 ಎಂಎಲ್ ಹಿಡಿದು ಐದು ನಿಮಿಷ ಅಲುಗಾಡಿಸದೆ ಇಟ್ಟರು. ತಳದಲ್ಲಿ ಬೇರೆ ಪದರ ಕಣ್ಣಿಗೆ ಕಾಣಿಸ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರೋದರಿಂದ ಅದು ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತೆ. ಮಿತಿ ದಾಟಿದರೆ ಎಥನಾಲೂ ನೀರೂ ಒಟ್ಟಿಗೇ ಬೇರ್ಪಟ್ಟು ಕೆಳಗಿಳಿಯುತ್ತೆ, ಹಾಗಾಗಿ ಒಳಗೆ ಹೋದ ನೀರಿಗಿಂತ ಪದರ ದಪ್ಪ ಕಾಣುತ್ತೆ.

ನೀರು ಬಂದದ್ದೆಲ್ಲಿಂದ? ಮುಚ್ಚಳ ಟ್ಯಾಂಕಿನ ಮಟ್ಟಕ್ಕೇ ಕೂರೋ ಬೈಕುಗಳಲ್ಲಿ ಮುಚ್ಚಳದ ಸುತ್ತ ಒಂದು ಗುಣಿ ಇರುತ್ತೆ. ಅದರಲ್ಲಿ ಸಣ್ಣ ತೂತು, ಅಲ್ಲಿಂದ ಒಂದು ಪೈಪು ಟ್ಯಾಂಕಿನೊಳಗೇ ಹಾದು ಕೆಳಗೆ ಹೊರಬೀಳುತ್ತೆ. ಗುಣಿಗೆ ಬಿದ್ದ ಮಳೆ ನೀರು ಅದರಲ್ಲಿ ಹರಿದು ನೆಲಕ್ಕೆ ಹೋಗಬೇಕು. ನಮ್ಮ ಕಡೆ ಕೆಸರಿಗಿಂತ ಕುಂಬಾರ ಹುಳದ ಕಾಟ ಹೆಚ್ಚು, ಬೇಸಿಗೆಯಲ್ಲಿ ಪೈಪಿನ ತುದಿಗೆ ಮಣ್ಣು ಮೆತ್ತಿ ಗೂಡು ಕಟ್ಟಿಬಿಡುತ್ತೆ. ಜೂನಿನಲ್ಲಿ ನೀರು ಹೋಗೋಕೆ ದಾರಿಯಿಲ್ಲದೆ ಗುಣಿಯಲ್ಲೇ ನಿಂತು, ಗಟ್ಟಿಯಾದ ಮುಚ್ಚಳದ ರಬ್ಬರಿನ ಸಂದಿಯಿಂದ ಒಳಗಿಳಿಯುತ್ತೆ. ಪರೀಕ್ಷೆ ಸುಲಭ: ಮುಚ್ಚಳ ಹಾಕಿದಂತೆಯೇ ಗುಣಿಗೆ ಅರ್ಧ ಲೋಟ ನೀರು ಹೊಯ್ಯಿರಿ. ತಕ್ಷಣ ಇಂಜಿನ್ ಕೆಳಗೆ ಧಾರೆ ಬೀಳಬೇಕು.

ಟ್ಯಾಂಕ್ ಬಿಚ್ಚೋದು ಯಾಕೆ ಅಂದ್ರೆ, ಪೆಟ್ರೋಲ್ ನಲ್ಲಿ ಅಂದರೆ ಕಾಕ್‌ನಿಂದ ಎಷ್ಟು ಬಿಟ್ಟರೂ ಮೂಲೆಯಲ್ಲಿ ಒಂದಿಷ್ಟು ನೀರು ಉಳಿದೇ ಉಳಿಯುತ್ತೆ. ಪೂರ್ತಿ ಖಾಲಿ ಮಾಡಿ, ಕಾಕ್ ಬಿಚ್ಚಿ ಅದರ ಜಾಲರಿ ತೊಳೆದು, ಅರ್ಧ ಲೀಟರ್ ಹೊಸ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲಿ, ಬೋರಲು ಹಾಕಿ ಒಣಗಿಸಬೇಕು. ಜುಲೈನಲ್ಲಿ ಮಲೆನಾಡಿನಲ್ಲಿ ಬಟ್ಟೆಯೇ ಒಣಗಲ್ಲ, ಎರಡು ದಿನ ಕೇಳಿದ್ದು ಜಾಸ್ತಿಯೇನಲ್ಲ. ಗುಣಿಯಿಂದ ಇಳಿಯೋ ಡ್ರೈನ್ ಪೈಪಿಗೆ ಮೆದು ತಂತಿ ತೂರಿಸಿ, ಆಮೇಲೆ ಕಡಿಮೆ ಒತ್ತಡದ ಗಾಳಿ. ಮುಚ್ಚಳದ ರಬ್ಬರ್ ಹೊಸದು. ಬಿಲ್ಲಿನಲ್ಲಿ ಸಾಮಾನಿಗಿಂತ ಕೂಲಿಯೇ ಜಾಸ್ತಿ ಬರುತ್ತೆ, ಚೌಕಾಸಿ ಮಾಡಬೇಡಿ. ತೆಗೆದ ಪೆಟ್ರೋಲಿನ ಮೇಲಿನ ಭಾಗ ಸ್ವಚ್ಛವಾಗಿ ಕಂಡರೂ ವಾಪಸ್ ಹಾಕಿಸಬೇಡಿ. ಎಥನಾಲ್ ಕೆಳಗಿಳಿದು ಹೋಗಿರೋದರಿಂದ ಅದರ ಆಕ್ಟೇನ್ (ಇಂಜಿನ್ ಬಡಿತ ತಡೆಯೋ ಗುಣ) ಇಳಿದಿರುತ್ತೆ.

ಬಾಟಲಿಯಲ್ಲಿ ನೀರು ಕಾಣದಿದ್ದರೆ? ಆಗ ಟ್ಯಾಂಕ್ ಬಿಚ್ಚಿಸಬೇಡಿ. ಜೋರು ಮಳೆಯಲ್ಲಿ ಮಾತ್ರ ಮಿಸ್ಸಿಂಗ್ ಬಂದು, ಒಣಗಿದ ಮೇಲೆ ಗಾಡಿ ತಾನಾಗೇ ಸರಿಹೋದರೆ ಕರೆಂಟಿನ ಕಡೆ ನೋಡಿ. ಕತ್ತಲಲ್ಲಿ ಇಂಜಿನ್ ಓಡ್ತಿರುವಾಗ, ಕೈ ತಾಗಿಸದೆ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪಿಗೆ ನೀರು ಚಿಮುಕಿಸಿದರೆ, ಕ್ಯಾಪ್ ಕೆಟ್ಟಿದ್ದರೆ ಕಿಡಿ ಹಾರೋದು ಕಾಣುತ್ತೆ. ಕ್ಯಾಪ್ ತಿರುಗಿಸಿ ಕೂರಿಸೋ ಮಾದರಿಯದ್ದಾದರೆ ವೈರಿನ ತುದಿ 5 ಎಂಎಂ ಕತ್ತರಿಸಿ ಹೊಸ ಕ್ಯಾಪ್ ಹಾಕಿದರೆ ಮುಗೀತು. ಇಪ್ಪತ್ತು ನಿಮಿಷ ಓಡಿ ನಿಂತು, ಮುಚ್ಚಳ ತೆಗೆದಾಗ ‘ಸುಸ್’ ಅಂದು, ಆಮೇಲೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ.

ಶೋರೂಮಾ, ಹೊರಗಿನವರಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗಲ್ಲ. ಬಿಚ್ಚೋ ಮೊದಲು ಪರೀಕ್ಷೆ ಮಾಡಿ ತೋರಿಸೋರು ಯಾರು ಅಂತ ನೋಡಿ, ಅಷ್ಟೇ. ವಾರಂಟಿ ಇದ್ದರೆ ಕಂಪನಿಗೇ ಹೋಗಿ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಯಲ್ಲಿ ಕಾರ್ಬೋರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇದ್ದರೆ ಸ್ಕ್ಯಾನರ್ ಇಟ್ಟಿರೋ ಗ್ಯಾರೇಜೇ ಬೇಕು. ಅದರ ಪಂಪು ಟ್ಯಾಂಕಿನೊಳಗೇ ಇರೋದರಿಂದ ನೀರಿನ ಏಟು ಇನ್ನೂ ದುಬಾರಿ.

ಗಾಡಿ ಬಿಡುವಾಗ ‘ಕಾರ್ಬೋರೇಟರ್ ನೋಡಿ’ ಅನ್ನಬೇಡಿ. ಹಾಗಂದರೆ ಅದನ್ನೇ ನೋಡ್ತಾರೆ. ಯಾವಾಗ, ಏರಿನಲ್ಲೋ ಸಮದಲ್ಲೋ, ರಿಸರ್ವಿನಲ್ಲೋ ಮೇನಿನಲ್ಲೋ ಅಂತ ಮಾತ್ರ ಹೇಳಿ. ವಾಪಸ್ ತರುವಾಗ ಅರ್ಧ ಲೋಟ ನೀರು ಹೊಯ್ದು ಧಾರೆ ಬೀಳೋದನ್ನು ಅಲ್ಲೇ ನೋಡಿಕೊಳ್ಳಿ.